ಹಳದಿ ಗೋಲಿ, ನೀಲಿ ಗೋಲಿ

ನನ್ನ ಮೊದಲ ವಿಮಾನ ನೆಲ ಬಿಡಲೇ ಇಲ್ಲ. ಓಡುದಾರಿಯ ಮೇಲೆ ಹೊರಟದ್ದು ವೇಗ ಹೆಚ್ಚಿದಂತೆ ಎಡಕ್ಕೆ ಎಳೆಯತೊಡಗಿತು, ಹುಲ್ಲಿಗಿಳಿಯಿತು, ಒಂದು ಲಾಗ ಹಾಕಿ ಮುರಿದು ಬಿತ್ತು. ಎರಡನೆಯದು ನೆಟ್ಟಗೆ ಓಡಿತು. ಆದರೆ ಓಡುದಾರಿ ಮುಗಿದರೂ ಮೂಗು ಎತ್ತಲಿಲ್ಲ. ಹಾಗೆಯೇ ಹೋಗಿ ಸಮುದ್ರ ಸೇರಿತು. ಮೂರನೆಯದು ಹಾರಿತು. ಚೆನ್ನಾಗಿಯೇ ಹಾರಿತು. ಅದು ಹೋದದ್ದು ಹೇಗೆ, ವಾಪಸ್ಸು ಬರುವಾಗ ಆದದ್ದೇನು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಬರಿಯಾಗಬೇಡಿ. ಇವೆಲ್ಲ ಹಾರಿದ್ದು, ಬಿದ್ದದ್ದು ನಮ್ಮ ನಡುಮನೆಯ ಕಂಪ್ಯೂಟರಿನೊಳಗೆ. ಎಂಟನೇ ತರಗತಿ ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಬಂದ ಮೊಮ್ಮಗಳು ತನ್ನ ಜೊತೆ ಒಂದು ಆಟವನ್ನೂ ತಂದಿದ್ದಳು. ಕಂಪ್ಯೂಟರ್ ಆಟವೆಂದರೆ ಬಂದೂಕು ಹಿಡಿದು ಎದುರಿಗೆ ಬಂದವರನ್ನೆಲ್ಲ ಉರುಳಿಸುವುದು ಎಂದುಕೊಂಡಿದ್ದವನು ನಾನು. ಅವಳು ಎರಡು ದಿನ ಬೆನ್ನು ಹಾಕಿಕೊಂಡು ಕುಳಿತು ಏನನ್ನೋ ಜೋಡಿಸುತ್ತಿದ್ದಳು. ಮೂರನೇ ದಿನ ತಡೆಯಲಾರದೆ ಕನ್ನಡಕ ಹಾಕಿಕೊಂಡು ಹೋಗಿ ಇಣುಕಿದೆ. "ತಾತ, ಕೂತ್ಕೋ. ನೀನೇ ಒಂದು ಮಾಡು" ಎಂದು ಕುರ್ಚಿ ಬಿಟ್ಟುಕೊಟ್ಟಳು. ಆ ಕುರ್ಚಿ ಅವಳಿಗೆ ಸುಲಭವಾಗಿ ವಾಪಸ್ಸು ಸಿಗಲಿಲ್ಲವೆಂದು ಅವಳ ಅಜ್ಜಿ ಈಗಲೂ ಆಡಿಕೊಳ್ಳುತ್ತಾಳೆ.

ಆಟದ ಹೆಸರು 'ಕೆರ್ಬಲ್ ಸ್ಪೇಸ್ ಪ್ರೋಗ್ರಾಂ'. ಇದನ್ನು ರೂಪಿಸಿದ್ದು ಮೆಕ್ಸಿಕೊ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿದ್ದ ಫೆಲಿಪೆ ಫಲಾಂಗೆ. ಸಂಸ್ಥೆಯ ಮೂಲ ಕಸುಬು ಆಟ ತಯಾರಿಸುವುದಲ್ಲ, ಪ್ರಚಾರದ ಕೆಲಸ. ಈ ಫೆಲಿಪೆ ಹುಡುಗನಾಗಿದ್ದಾಗ ತಗಡಿನ ಕಾಗದದಲ್ಲಿ ಪುಟ್ಟ ಬೊಂಬೆ ಮಾಡಿ ಪಟಾಕಿ ರಾಕೆಟ್ಟಿಗೆ ಸಿಕ್ಕಿಸಿ ಹಾರಿಸುತ್ತಿದ್ದನಂತೆ. ಆ ಬೊಂಬೆಗಳ ಹೆಸರೇ ಕೆರ್ಬಲ್. ಆಟದ ಮೊದಲ ರೂಪ ಹೊರಬಂದದ್ದು 2011ರ ಜೂನ್ 24ರಂದು. ಅಮೆರಿಕದ ಸ್ಪೇಸ್ ಷಟಲ್ ತನ್ನ ಕಟ್ಟಕಡೆಯ ಯಾನಕ್ಕೆ ಏರಿದ್ದು ಅದಾದ ಎರಡೇ ವಾರಕ್ಕೆ, ಜುಲೈ 8ಕ್ಕೆ.

ಇದರಲ್ಲಿ ಕೆರ್ಬಿನ್ ಎಂಬ ಗ್ರಹವಿದೆ. ಅಲ್ಲಿನವರು ಹಸಿರು ಮೈಯ, ದೊಡ್ಡ ತಲೆಯ, ಗೋಲಿಗಣ್ಣಿನ ಕುಳ್ಳರು. ಅವರಿಗೆ ರಾಕೆಟ್ಟನ್ನೋ ವಿಮಾನವನ್ನೋ ಕಟ್ಟಿಕೊಡುವುದು ನಮ್ಮ ಕೆಲಸ. ಕುಳ್ಳರು ತಮಾಷೆಯವರು, ಆದರೆ ಅವರ ಲೋಕದ ನಿಯಮಗಳು ತಮಾಷೆಯವಲ್ಲ. ಅಲ್ಲಿ ಗುರುತ್ವ ನಮ್ಮಲ್ಲಿರುವಷ್ಟೇ ಎಳೆಯುತ್ತದೆ, ಗಾಳಿ ತಡೆಯುತ್ತದೆ, ರೆಕ್ಕೆ ಎತ್ತುತ್ತದೆ, ಇಂಧನ ಖರ್ಚಾಗುತ್ತದೆ. ತಪ್ಪು ಮಾಡಿದರೆ ಬೀಳುತ್ತದೆ. ಯಾಕೆ ಬಿತ್ತೆಂದು ಆಟ ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು.

ಮೊದಲಿನದು ಬೇಗ ಗೊತ್ತಾಯಿತು. ಚಕ್ರಗಳನ್ನು ರೆಕ್ಕೆಯ ಕೆಳಗೆ ಅಂಟಿಸಿದ್ದೆ. ರೆಕ್ಕೆ ಸ್ವಲ್ಪ ಓರೆಯಾಗಿದ್ದುದರಿಂದ ಚಕ್ರಗಳೂ ಓರೆಯಾಗಿದ್ದವು. ಅವು ನೆಲಕ್ಕೆ ನೆಟ್ಟಗೆ ನಿಲ್ಲಬೇಕು, ಅಷ್ಟೆ. ಎರಡನೆಯದಕ್ಕೆ ಒಂದು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಉತ್ತರ ಸಿಕ್ಕಿದ್ದು ಎತ್ತಿನಗಾಡಿಯಿಂದ.

ಬ್ಯಾಂಕಿನಲ್ಲಿದ್ದಾಗ ಕೆಲವು ವರ್ಷ ಚಳ್ಳಕೆರೆ ಶಾಖೆಯಲ್ಲಿದ್ದೆ. ಎಣ್ಣೆ ಗಿರಣಿಗಳ ಊರು. ಸುಗ್ಗಿಯಲ್ಲಿ ಶೇಂಗಾ ಮೂಟೆ ಹೇರಿದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿ ಹೇರುವವರಿಗೆ ಒಂದು ಲೆಕ್ಕ ಗೊತ್ತಿರಬೇಕು. ಮೂಟೆಗಳೆಲ್ಲ ಮುಂದಕ್ಕಾದರೆ ಮುಂಭಾರ, ಎತ್ತುಗಳ ಕುತ್ತಿಗೆ ಮುರಿಯುವಷ್ಟು ಭಾರ. ಹಿಂದಕ್ಕಾದರೆ ಹಿಂಭಾರ, ಮೂಕಿ ಮೇಲಕ್ಕೆದ್ದು ನೊಗವೇ ಹಾರಿಹೋಗುತ್ತದೆ. ಭಾರವೆಲ್ಲ ಹೆಚ್ಚುಕಡಿಮೆ ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ ಇರಬೇಕು.

ನನ್ನ ಎರಡನೇ ವಿಮಾನದ ಹಿಂದಿನ ಚಕ್ರಗಳನ್ನು ಬಾಲದ ತುದಿಯಲ್ಲಿಟ್ಟಿದ್ದೆ. ಅಂದರೆ ಇಡೀ ವಿಮಾನದ ತೂಕ ಅಚ್ಚಿನ ಮುಂದೆ. ಮುಂಭಾರದ ಗಾಡಿ. ಅದರ ಮೂಗನ್ನು ಎತ್ತಲು ಬಾಲದ ಪುಟ್ಟ ರೆಕ್ಕೆಗೆಲ್ಲಿ ಶಕ್ತಿ ಬರಬೇಕು? ಚಕ್ರಗಳನ್ನು ತೂಕದ ಕೇಂದ್ರದ ಬೆನ್ನಿಗೇ ತಂದಿಟ್ಟೆ. 'ಎಸ್' ಕೀಲಿ ಒತ್ತಿದ ಕೂಡಲೇ ಮೂಗೆತ್ತಿ ಹಾರಿತು ನೋಡಿ! ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅದು ಮೂರನೇ ವಿಮಾನ.

ಅದನ್ನು ನಡೆಸುತ್ತಿದ್ದವನು ಜೆಬೆಡಾಯ ಕೆರ್ಮನ್, ಚಿಕ್ಕದಾಗಿ ಜೆಬ್. ಆಟದಲ್ಲಿ ಹಾರುವವರ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿರುತ್ತದೆ. ಬೇರೆಯವರು ಅಪಾಯ ಬಂದರೆ ಹಲ್ಲು ಕಚ್ಚಿ ನಡುಗುತ್ತಾರೆ. ಜೆಬ್ ಮಾತ್ರ ಏನಾದರೂ ನಗುತ್ತಲೇ ಇರುತ್ತಾನೆ. ಪಶ್ಚಿಮದ ಗುಡ್ಡಸಾಲಿನ ತನಕ ಹೋದೆವು. ಬೆಣ್ಣೆಯಲ್ಲಿ ಕೂದಲೆಳೆದಂತೆ ಹಾರಾಟ. ತಿರುಗಿಸಿಕೊಂಡು ಬರುವಾಗ ಮೂಗು ತಾನಾಗಿಯೇ ಮೇಲೇಳತೊಡಗಿತು. ಒತ್ತಿ ಇಳಿಸಿದೆ. ಮತ್ತೆ ಎದ್ದಿತು. ಮೂರನೇ ಸಲ ನಿಲ್ಲಲೇ ಇಲ್ಲ; ವಿಮಾನ ಹಿಮ್ಮುಖವಾಗಿ ತಿರುಗಿ, ಬಾಲ ಮುಂದಾಗಿ, ಎಲೆಯ ಹಾಗೆ ಸುತ್ತುತ್ತ ಬಿತ್ತು. ಜೆಬ್ ನೆಲ ಮುಟ್ಟುವ ತನಕ ನಗುತ್ತಲೇ ಇದ್ದ.

ಹೋಗುವಾಗ ಸರಿಯಿದ್ದ ವಿಮಾನ ಬರುವಾಗ ಹೀಗೇಕೆ ಮಾಡಿತು? ನಾನೇನೂ ಬದಲಾಯಿಸಿರಲಿಲ್ಲ.

ಇಲ್ಲಿ ಗೋಲಿಗಳ ವಿಷಯ ಹೇಳಬೇಕು. ಆಟದ ವಿಮಾನ ಶಾಲೆಯಲ್ಲಿ (ಹ್ಯಾಂಗರ್ ಎನ್ನುತ್ತಾರಲ್ಲ, ಅದು) ಒಂದು ಗುಂಡಿ ಒತ್ತಿದರೆ ವಿಮಾನದ ಮೈಯಲ್ಲಿ ಹಳದಿ ಗೋಲಿಯೊಂದು ಕಾಣುತ್ತದೆ. ಅದು ತೂಕದ ಕೇಂದ್ರ. ಅಲ್ಲಿ ಬೆರಳಿಟ್ಟು ಎತ್ತಿದರೆ ವಿಮಾನ ಅತ್ತಿತ್ತ ವಾಲದೆ ನಿಲ್ಲಬೇಕು. ಇನ್ನೊಂದು ಗುಂಡಿಗೆ ನೀಲಿ ಗೋಲಿ. ಅದು ರೆಕ್ಕೆಗಳು ಗಾಳಿಯಿಂದ ಪಡೆಯುವ ಎತ್ತುವ ಬಲದ ಕೇಂದ್ರ. ನೀಲಿ ಗೋಲಿ ಹಳದಿಗಿಂತ ತುಸು ಹಿಂದಿರಬೇಕು. ಆಗ ಮೂಗು ಎದ್ದರೆ ಹಿಂದಿರುವ ಎತ್ತುವ ಬಲ ಬಾಲವನ್ನು ಮೇಲೆತ್ತಿ ಮೂಗನ್ನು ತಾನೇ ಇಳಿಸುತ್ತದೆ. ನೀಲಿ ಮುಂದಾಯಿತೋ, ಎದ್ದ ಮೂಗು ಇನ್ನೂ ಏಳುತ್ತದೆ. ನೀಲಿ ತುಂಬ ಹಿಂದಾದರೂ ಕಷ್ಟವೇ, ಮೂಗು ಎತ್ತಲಿಕ್ಕೇ ಆಗುವುದಿಲ್ಲ. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವುದು, ಬಾಣದ ಹಿಂದೆ ಗರಿ ಸಿಕ್ಕಿಸುವುದು ಈ ಗೋಲಿಗಳ ಅಣ್ಣತಮ್ಮಂದಿರೇ. ಮಕ್ಕಳೇ, ಕಂಪ್ಯೂಟರ್ ಬೇಕಿಲ್ಲ. ಕಾಗದದ ವಿಮಾನವೊಂದನ್ನು ಮಾಡಿ ಮೂಗಿಗೊಂದು ಜೆಮ್ ಕ್ಲಿಪ್ ಸಿಕ್ಕಿಸಿ ಎಸೆಯಿರಿ. ಆಮೇಲೆ ಅದೇ ಕ್ಲಿಪ್ಪನ್ನು ಬಾಲಕ್ಕೆ ಹಾಕಿ ಎಸೆಯಿರಿ. ಎರಡನೇ ಸಲ ಏನಾಗುತ್ತದೋ ಅದೇ ಜೆಬ್‌ಗೂ ಆದದ್ದು.

ಆದರೆ ನನ್ನ ಗೋಲಿಗಳು ಸರಿಯಾಗಿಯೇ ಇದ್ದವಲ್ಲ! ಮೊಮ್ಮಗಳನ್ನು ಕೇಳಿದೆ. ಅವಳಿಗೂ ತಿಳಿಯಲಿಲ್ಲ. ರಾತ್ರಿ ಮಲಗಿದಾಗ ಮತ್ತೆ ಶೇಂಗಾ ಗಾಡಿ ನೆನಪಾಯಿತು. ಗಾಡಿ ಇಳಿಸುವಾಗಲೂ ಒಂದು ಕ್ರಮವಿದೆ. ಎತ್ತು ಬಿಚ್ಚದೆ ಮುಂದಿನ ಮೂಟೆಗಳನ್ನು ಮೊದಲು ಇಳಿಸಿಬಿಟ್ಟರೆ, ಹೇರುವಾಗ ಎಷ್ಟೇ ಸಮವಾಗಿದ್ದ ಗಾಡಿಯೂ ಹಿಂಭಾರವಾಗಿ ಮೂಕಿ ಎತ್ತುತ್ತದೆ. ನನ್ನ ವಿಮಾನದಲ್ಲಿ ಮುಂದಿದ್ದ ಮೂಟೆ ಯಾವುದು? ಇಂಧನದ ತೊಟ್ಟಿ! ಭಾರದ ಎಂಜಿನ್ ಹಿಂದೆ, ತೊಟ್ಟಿ ಮುಂದೆ. ಹಾರುತ್ತ ಹಾರುತ್ತ ಮುಂದಿನ ಮೂಟೆ ಕರಗುತ್ತಿತ್ತು.

ಬೆಳಗಾಗುವುದನ್ನೇ ಕಾದು ಕಂಪ್ಯೂಟರ್ ಹಾಕಿದೆ. ವಿಮಾನ ಶಾಲೆಯಲ್ಲಿ ತೊಟ್ಟಿಯ ಮೇಲೆ ಒತ್ತಿದರೆ ಇಂಧನದ ಪಟ್ಟಿಯೊಂದು ಬರುತ್ತದೆ. ಅದನ್ನು ಎಳೆದು ಸೊನ್ನೆಗೆ ತರಬಹುದು. ಎಳೆದೆ. ಹಳದಿ ಗೋಲಿ ನನ್ನ ಕಣ್ಣೆದುರೇ ಹಿಂದಕ್ಕೆ ಸರಿಯುತ್ತ, ನೀಲಿ ಗೋಲಿಯನ್ನು ದಾಟಿ ಹೋಗಿ ನಿಂತಿತು.

ಬ್ಯಾಂಕಿನಲ್ಲಿ ಬೆಳಿಗ್ಗೆಯ ಆರಂಭದ ಶಿಲ್ಕು ನೋಡಿ ಯಾರೂ ಮನೆಗೆ ಹೋಗುವುದಿಲ್ಲ, ಸಂಜೆಯ ಅಖೈರು ಶಿಲ್ಕು ತಾಳೆಯಾಗಬೇಕು. ಅಷ್ಟು ವರ್ಷ ಅದನ್ನೇ ಮಾಡಿದವನು ಇಲ್ಲಿ ತುಂಬಿದ ತೊಟ್ಟಿಯ ಲೆಕ್ಕ ನೋಡಿ ಜೆಬ್‌ನನ್ನು ಹತ್ತಿಸಿ ಕಳಿಸಿದ್ದೆ.

ಹಿಂದಿನ ದಿನ ಜೆಬ್ ಬಿದ್ದಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಿದ್ದಳು. ನನಗೆ ನಗು ಬಂದಿರಲಿಲ್ಲ. "ಯಾಕೆ ತಾತ, ಇದು ಆಟ ತಾನೇ? ಹಿಂದಕ್ಕೆ ಹೋಗೋ ಗುಂಡಿ ಒತ್ತಿದರೆ ಜೆಬ್ ವಾಪಸ್ ಬರ್ತಾನೆ" ಎಂದಳು. ನಿಜ, ಒತ್ತಿದರೆ ಬರುತ್ತಾನೆ. ಈಗ ಅವಳನ್ನು ಕೂರಿಸಿಕೊಂಡು 2003ರ ಫೆಬ್ರುವರಿ 1ರ ಶನಿವಾರದ ಕಥೆ ಹೇಳಿದೆ. ಅವಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ಆ ರಾತ್ರಿ ನಾವೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಜನರಿದ್ದ ಕೊಲಂಬಿಯಾ ನೌಕೆ ಇಳಿಯಲು ಇನ್ನು ಸುಮಾರು 16 ನಿಮಿಷ ಇದ್ದಾಗ ಆಕಾಶದಲ್ಲೇ ಚೂರಾಗಿತ್ತು. ಜನವರಿ 16ರಂದು ಮೇಲೇರುವಾಗಲೇ, ತೊಟ್ಟಿಯಿಂದ ಕಳಚಿದ ನೊರೆಯಂಥ ಹೊದಿಕೆಯ ತುಂಡೊಂದು ಅದರ ಎಡ ರೆಕ್ಕೆಗೆ ಬಡಿದಿತ್ತು. ಮೇಲಿದ್ದಷ್ಟು ದಿನ ಆ ಗಾಯ ಏನೂ ಮಾಡಲಿಲ್ಲ. ಇಳಿಯುವಾಗ, ವಿಪರೀತ ಕಾದ ಗಾಳಿ ಆ ತೂತಿನಿಂದ ಒಳನುಗ್ಗಿತು. ನಾಲ್ಕು ದಿನಗಳ ಬಳಿಕ ನಮ್ಮ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು.

ಅವಳು ಸುಮ್ಮನೆ ಕೇಳಿದಳು. ಆಮೇಲೆ ಆಟದ ಯಾವುದೋ ಪುಟಕ್ಕೆ ಹೋಗಿ ಏನೇನೋ ಬದಲಿಸಿದಳು. "ಇನ್ನು ಹಿಂದಕ್ಕೆ ಹೋಗೋ ಗುಂಡಿ ಇಲ್ಲ. ಸತ್ತವರು ವಾಪಸ್ ಬರಲ್ಲ" ಎಂದಳು. ಆಟದ ಕಠಿಣ ಮಟ್ಟ ಹಾಗೇ ಇರುತ್ತದಂತೆ. ಹಾರುವವರ ಪಟ್ಟಿ ಅಲ್ಲಿ ಮೂರು ಪುಟಗಳಲ್ಲಿದೆ: ಲಭ್ಯವಿರುವವರು, ಕೆಲಸದಲ್ಲಿರುವವರು, ಕಳೆದುಹೋದವರು. ಮೂರನೇ ಪುಟ ಖಾಲಿಯಾಗಿಯೇ ಇರಬೇಕೆಂಬುದು ನಮ್ಮಿಬ್ಬರ ಒಪ್ಪಂದ. ಮತ್ತು ಅವಳು ಶಾಲೆಗೆ ಹೊರಡುವ ಮುಂಚೆ ಒಬ್ಬರನ್ನಾದರೂ ವಿಮಾನದಲ್ಲೇ ಬಾಹ್ಯಾಕಾಶಕ್ಕೆ ಕಳಿಸಿ ವಿಮಾನದಲ್ಲೇ ವಾಪಸ್ಸು ತರಬೇಕು. ಯಾರನ್ನು? ವ್ಯಾಲೆಂಟಿನಾ ಕೆರ್ಮನ್‌ಳನ್ನು ಆರಿಸಿದವಳು ಮೊಮ್ಮಗಳೇ. 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಷ್ಕೋವಾ ಹೆಸರು ಅವಳ ಪಾಠದಲ್ಲಿತ್ತಂತೆ.

ಓಡುದಾರಿಯಿಂದ ಹೊರಟು ಸೀದಾ ಕಕ್ಷೆಗೆ ಹೋಗಿ ಮತ್ತೆ ಓಡುದಾರಿಗೆ ಇಳಿಯುವ ವಿಮಾನವನ್ನು ನಮ್ಮ ನಿಜ ಲೋಕದಲ್ಲಿ ಇನ್ನೂ ಯಾರೂ ಮಾಡಿಲ್ಲ. ಜೆಟ್ ಎಂಜಿನ್ ಸುತ್ತಲಿನ ಗಾಳಿಯನ್ನೇ ನುಂಗಿ ಇಂಧನ ಉರಿಸುತ್ತದೆ; ಮೇಲೆ ಗಾಳಿ ತೆಳುವಾದರೆ ಅದು ಆರಿಹೋಗುತ್ತದೆ. ರಾಕೆಟ್ ಉರಿಸುವ ಆಮ್ಲಜನಕವನ್ನೂ ತಾನೇ ಹೊತ್ತೊಯ್ಯಬೇಕು, ಅದರ ಭಾರವೋ ಭಾರ. ಭೂಮಿಯ ಸುತ್ತ ಬೀಳದೆ ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು 7,800 ಮೀಟರ್ ವೇಗ ಬೇಕು. ಕೆರ್ಬಿನ್ ಪುಟ್ಟ ಗ್ರಹ, ತ್ರಿಜ್ಯ ಬರೀ 600 ಕಿಲೋಮೀಟರ್, ಭೂಮಿಯದು 6,371. ಅಲ್ಲಿ ಸುಮಾರು 2,300 ಮೀಟರ್ ವೇಗ ಸಾಕು, ಗಾಳಿಯೂ 70 ಕಿಲೋಮೀಟರಿಗೆ ಮುಗಿಯುತ್ತದೆ. ಜೊತೆಗೆ ಆಟದಲ್ಲಿ 'ರೇಪಿಯರ್' ಎಂಬ ಎಂಜಿನ್ ಇದೆ. ಕೆಳಗೆ ಗಾಳಿ ನುಂಗುವ ಜೆಟ್, ಮೇಲೆ ಹೋದ ಮೇಲೆ ರಾಕೆಟ್. ನಿಜವಾಗಿಯೂ ಇಂಥದೊಂದನ್ನು ಮಾಡಲು ಇಂಗ್ಲೆಂಡಿನ ರಿಯಾಕ್ಷನ್ ಎಂಜಿನ್ಸ್ ಸಂಸ್ಥೆ ದಶಕಗಳ ಕಾಲ ಹೆಣಗಿತು. ಅದಕ್ಕಿಟ್ಟ ಹೆಸರು 'ಸೇಬರ್'. ಎರಡೂ ಕತ್ತಿಯ ಹೆಸರುಗಳೇ. ಹಣ ಸಾಲದೆ ಸಂಸ್ಥೆ 2024ರಲ್ಲಿ ಬಾಗಿಲು ಮುಚ್ಚಿತು. ನನಗೆ ಬೇಸರವೇ ಆಯಿತು.

ಈ ಸಲ ನಾವು ತುಂಬಿದ ತೊಟ್ಟಿಯ ಗೋಲಿ ನೋಡುವ ಮೊದಲು ಖಾಲಿ ತೊಟ್ಟಿಯ ಗೋಲಿ ನೋಡಿದೆವು. ತೊಟ್ಟಿಗಳನ್ನು ವಿಮಾನದ ನಡುವಿಗೆ, ಹಳದಿ ಗೋಲಿಯ ಅಕ್ಕಪಕ್ಕಕ್ಕೆ ತಂದೆವು. ಖರ್ಚಾದರೂ ಗೋಲಿ ಅಲ್ಲೇ ಇರಲಿ ಎಂದು. ರೆಕ್ಕೆಗಳನ್ನು ಹಿಂದಕ್ಕೆ ಸರಿಸಿದೆವು. ಪೈಲಟ್ಟಿನ ಹಿಂದೆ ಒಂದು ಪುಟ್ಟ ತೊಟ್ಟಿ ಇಟ್ಟೆವು. ಬರುವಾಗ ಉಳಿದ ಇಂಧನವನ್ನೆಲ್ಲ ಅದಕ್ಕೆ ತುಂಬಿಕೊಂಡರೆ ಮೂಗಿಗೆ ಭಾರ ಸಿಗುತ್ತದೆ. ಇದು ನನ್ನ ಜಾಣತನವಲ್ಲ. ಶಬ್ದಕ್ಕಿಂತ ವೇಗವಾಗಿ ಹೋಗುತ್ತಿದ್ದ ಕಾಂಕಾರ್ಡ್ ವಿಮಾನ ಇದನ್ನೇ ಮಾಡುತ್ತಿತ್ತು. ಆ ವೇಗದಲ್ಲಿ ಎತ್ತುವ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಸರಿಯಾಗಿ ಇಂಧನವನ್ನು ಹಿಂದಿನ ತೊಟ್ಟಿಗೆ ಪಂಪು ಮಾಡುತ್ತಿದ್ದರು, ಇಳಿಯುವ ಮುನ್ನ ಮತ್ತೆ ಮುಂದಕ್ಕೆ. ಇಂಧನ ಉರಿಯುವುದಕ್ಕಷ್ಟೇ ಅಲ್ಲ, ತೂಕದ ಬಟ್ಟಾಗಿಯೂ ಬೇಕಾಗುತ್ತದೆ.

"ತಾತ, ಇಳಿಯೋದನ್ನ ಮೊದಲು ಕಲಿಯೋಣ" ಎಂದಳು. ನನಗೆ ಹಿಡಿಸಿತು. ನಮ್ಮ ಇಸ್ರೊ ಮಾಡಿದ್ದೂ ಹಾಗೆಯೇ, ಅದೂ ನನ್ನ ಚಳ್ಳಕೆರೆಯಲ್ಲಿ! ಬಾಹ್ಯಾಕಾಶಕ್ಕೆ ಹೋಗಿ ಬಂದು ಇಳಿಯಬೇಕಾದ ರೆಕ್ಕೆಯ ನೌಕೆಯೊಂದನ್ನು ಅವರು ತಯಾರಿಸುತ್ತಿದ್ದಾರೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಅದರ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ತೂಗುಹಾಕಿಕೊಂಡು ಹೋಗಿ, ಚಳ್ಳಕೆರೆಯ ಪರೀಕ್ಷಾ ವಲಯದ ಓಡುದಾರಿಯಿಂದ 4.6 ಕಿಲೋಮೀಟರ್ ಆಚೆ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಎಂಜಿನ್ನಿನ ಹಂಗಿಲ್ಲದೆ, ಒಳಗೆ ಮನುಷ್ಯರಿಲ್ಲದೆ ಅದು ತಾನೇ ತೇಲಿ ಬಂದು ಇಳಿಯಿತು. ಆಮೇಲೆ 'ಪುಷ್ಪಕ್' ಎಂದು ಹೆಸರಾಯಿತು. 2024ರ ಮಾರ್ಚ್ 22ರಂದು ಬೇಕೆಂದೇ ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ. ಎರಡು ಸಲವೂ ದಾರಿ ಸರಿಮಾಡಿಕೊಂಡು ಇಳಿಯಿತು. ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಪ್ರಯಾಣಿಕರ ವಿಮಾನಕ್ಕೆ ಇದು 260ರ ಆಸುಪಾಸು. ಶೇಂಗಾ ಗಾಡಿಗಳ ಸೀಮೆಯಲ್ಲಿ!

ನಮಗೆ ಹೆಲಿಕಾಪ್ಟರ್ ಇರಲಿಲ್ಲ. ವ್ಯಾಲೆಂಟಿನಾಳನ್ನು ಕೂರಿಸದೆ, ಯಂತ್ರವೇ ನಡೆಸುವ ತಲೆಯೊಂದನ್ನು ಜೋಡಿಸಿ, ಚೂರೇ ಇಂಧನ ಹಾಕಿ ನಾಲ್ಕೂವರೆ ಕಿಲೋಮೀಟರಿಗೆ ಏರಿಸಿ ಎಂಜಿನ್ ಆರಿಸುತ್ತಿದ್ದೆವು. ಮೊದಲು ನೇರಕ್ಕೆ, ಆಮೇಲೆ ಬೇಕೆಂದೇ ಓರೆಗೆ. ಹನ್ನೊಂದು ವಿಮಾನ ಒಡೆದವು. ಸರಿಯಾಗಿ ಲೆಕ್ಕ ಇಟ್ಟಿದ್ದೇನೆ, ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ. ಹನ್ನೆರಡನೆಯದು ಕುಪ್ಪಳಿಸುತ್ತ ಕುಪ್ಪಳಿಸುತ್ತ ನಿಂತಿತು.

ರಜೆ ಮುಗಿಯಲು ಒಂದು ದಿನವಿತ್ತು. ವ್ಯಾಲೆಂಟಿನಾ ಹತ್ತಿದಳು. ಏರುವ ಕೆಲಸ ನನ್ನದು. ಪೂರ್ವಕ್ಕೆ, ಸಮುದ್ರದ ಮೇಲೆ, ಕೆಳಗೆಲ್ಲ ಬೇಕಾದಷ್ಟು ವೇಗ ಪಡೆದು, 20 ಕಿಲೋಮೀಟರ್ ದಾಟಿ ಜೆಟ್ ಉಸಿರು ಕಟ್ಟತೊಡಗಿದಾಗ ರಾಕೆಟ್ಟಿಗೆ ಬದಲಾಯಿಸಿದೆ. ಆಕಾಶ ಕಪ್ಪಾಯಿತು. ಕಕ್ಷೆ ಸೇರಿದಾಗ ತೊಟ್ಟಿಯ ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಅವಳ ಅಜ್ಜಿಯೂ ಬಂದು ನಿಂತು, "ಈಗ ಆ ಹುಡುಗಿ ಮೇಲೇ ಇರೋದಾ?" ಎಂದು ಕೇಳಿದಳು. ಇಳಿಸುವ ಕೆಲಸ ಮೊಮ್ಮಗಳದು. ನನ್ನ ಕೈ ಅಷ್ಟು ಬೇಗ ಓಡುವುದಿಲ್ಲ.

ಅವಳು ವೇಗ ಕುಗ್ಗಿಸಿದಳು, ಉಳಿದ ಇಂಧನವನ್ನು ಮುಂದಿನ ತೊಟ್ಟಿಗೆ ಕಳಿಸಿದಳು, ಮೂಗೆತ್ತಿ ಹಿಡಿದಳು. ಹೊಟ್ಟೆಯ ಕೆಳಗೆ ಗಾಳಿ ಕೆಂಪಗೆ ಉರಿಯಿತು. ಮೂಲೆಯಲ್ಲಿ ವ್ಯಾಲೆಂಟಿನಾ ನಗುತ್ತಿದ್ದಳು. ಅವಳೂ ಜೆಬ್ ಜಾತಿಯವಳೇ. ನಾವು ಮೂವರೂ ನಗಲಿಲ್ಲ. ಗುಡ್ಡಸಾಲಿನ ಮೇಲೆ ಬರುವಾಗ ಮೂಗು ಒಮ್ಮೆ ಎದ್ದಿತು. ನನ್ನ ಎದೆ ಧಸಕ್ಕೆಂದಿತು. ಅರ್ಧ ಕ್ಷಣ ನಿಂತು, ತಾನಾಗಿಯೇ ಇಳಿಯಿತು. ಯಾರೂ ಕೀಲಿ ಮುಟ್ಟಿರಲಿಲ್ಲ.

ಆದರೆ ಎತ್ತರ ಸಾಲಲಿಲ್ಲ. ಓಡುದಾರಿ ದೂರದಲ್ಲಿ ಬೂದು ಗೆರೆಯಾಗಿ ಕಾಣುತ್ತಿತ್ತು, ಅಲ್ಲಿಗೆ ತಲುಪುವಂತಿರಲಿಲ್ಲ. "ಹುಲ್ಲಿನ ಮೇಲೇ ಇಳಿಸ್ತೀನಿ ತಾತ" ಎಂದಳು. ಚಕ್ರ ಬಿಟ್ಟಳು. ಒಂದು ಕುಪ್ಪಳಿಕೆ, ಎರಡು, ಎಡ ರೆಕ್ಕೆ ನೆಲಕ್ಕೆ ತಾಗಿ ಕಿತ್ತುಹೋಯಿತು, ವಿಮಾನ ಅರ್ಧ ಸುತ್ತು ಹೊಡೆದು ಧೂಳೆಬ್ಬಿಸಿ ನಿಂತಿತು. ಬಾಗಿಲು ತೆಗೆದು ವ್ಯಾಲೆಂಟಿನಾಳನ್ನು ಹೊರಗಿಳಿಸಿದಳು. ಹಸಿರು ಕುಳ್ಳಿ ಹುಲ್ಲಿನ ಮೇಲೆ ನಿಂತು ಅತ್ತಿತ್ತ ನೋಡಿದಳು.

ಮೊಮ್ಮಗಳು ಮೊದಲು ತೆರೆದದ್ದು ಆ ಪಟ್ಟಿಯ ಮೂರನೇ ಪುಟ. ಖಾಲಿ.

ಮರುದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹಾಕಿ ಕೂಗಿದಳು: "ತಾತ, ದಸರಾ ರಜೆಗೆ ಬರೋ ಹೊತ್ತಿಗೆ ಆ ಎಡ ರೆಕ್ಕೆ ಗಟ್ಟಿ ಮಾಡಿರು. ಇನ್ನೊಂದು ಸೀಟೂ ಹಾಕು, ಈ ಸಲ ಇಬ್ಬರನ್ನ ಕಳಿಸೋಣ."

ಇನ್ನೊಂದು ಸೀಟೆಂದರೆ ಮೂಗಿಗೆ ಮತ್ತೆ ಭಾರ. ಹಳದಿ ಗೋಲಿ ಮುಂದಕ್ಕೆ ಹೋಗುತ್ತದೆ, ಚಕ್ರಗಳನ್ನೂ ಸರಿಸಬೇಕು. ನಿನ್ನೆಯಿಂದ ಅದರಲ್ಲೇ ಇದ್ದೇನೆ.